ಕತ್ತಿಯ ಮೇಲೆ ಮೂರು ಗೆರೆ

ಅತ್ತೆ ಬೆಳಗಾವಿಯಿಂದ ಬಂದು ಲಂಡನ್ನಿನ ಹೇಸ್‌ನ ನಮ್ಮ ಮನೆಯಲ್ಲಿದ್ದಾಗ ನಡೆದ ಖಂಡೇಪೂಜೆಯ ಕತೆಯನ್ನು ನಾನು ಒಂದು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಹೌನ್ಸ್ಲೋದ ಗೆಳತಿಗೆ ಹೇಳಿದ್ದೇನೆ, ಧಾರವಾಡದಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೇನೆ, ಗಂಡನಿಗಂತೂ ಅವನು ಕೇಳದಿದ್ದರೂ ಹೇಳಿದ್ದೇನೆ. ಯಾವಾಗಲೂ ಶುರುವಾಗುವುದು ಒಂದೇ ಮಾತಿನಿಂದ: ಅತ್ತೆ ಭಾವನ ಗಾಜಿನ ಕಪಾಟು ತೆಗೆದು ಕತ್ತಿಯನ್ನು ಹೊರಗೆ ತಂದರು. ಹೇಳಿ ಹೇಳಿ ಆ ನೋಟ ಕಣ್ಣಿಗೆ ಕಟ್ಟಿಬಿಟ್ಟಿದೆ. ಕಪಾಟಿನ ಗಾಜಿಗೆ ಬಳೆ ತಾಗಿದ ಸದ್ದು ಕೂಡ ಕಿವಿಯಲ್ಲಿದೆ.

ಹೋದ ತಿಂಗಳು ಪಾತ್ರೆ ತೊಳೆಯುತ್ತಿದ್ದಾಗ ಆ ಸದ್ದಿನ ಮೇಲೇ ಅನುಮಾನ ಬಂತು. ಮಾವ ತೀರಿಕೊಂಡ ಮೇಲೆ ಅತ್ತೆ ಬಳೆ ಹಾಕಿಲ್ಲ. ಅವರ ಕೈ ಬೋಳು. ಆ ದಿನ ಮನೆಯಲ್ಲಿ ಬಳೆ ತೊಟ್ಟಿದ್ದವಳು ನಾನೊಬ್ಬಳೇ.

ನಾನು ಇತಿಹಾಸ ಓದಿದವಳು. ಸಾಕ್ಷಿ ಹೇಳುವವರಿಗೆ ಅದರಿಂದ ಏನು ಲಾಭ ಎಂದು ಮೊದಲು ಕೇಳಿಕೊಳ್ಳಬೇಕು ಅಂತ ಎಂ.ಎ.ಯಲ್ಲಿ ಕಲಿಸಿದ್ದರು. ಸತ್ತುಹೋದ ರಾಜರಿಗೆ, ದಿವಾನರಿಗೆ ಆ ಪ್ರಶ್ನೆ ಕೇಳಿ ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ನನಗೆ ನಾನು ಕೇಳಿಕೊಂಡಿರಲಿಲ್ಲ. ಕೈ ಒರೆಸಿಕೊಂಡು ಮಹಡಿಗೆ ಹೋಗಿ ಹೋದ ವರ್ಷದ ದಿನಚರಿಗಾಗಿ ಸೂಟ್‌ಕೇಸು ಹುಡುಕಿದೆ.

ಭಾವ ಅಂದರೆ ನನ್ನ ಗಂಡನ ಅಣ್ಣ. ಈ ಸಾಲುಮನೆಯನ್ನು ಮೂವರೂ ಸೇರಿ ಬಾಡಿಗೆಗೆ ಹಿಡಿದಿದ್ದೇವೆ. ಅವರು ಮೊದಲು ಬಂದವರು. ಹಾಗಾಗಿ ಬೀದಿ ಕಡೆಯ ದೊಡ್ಡ ಕೋಣೆ ಅವರದು, ಫ್ರಿಜ್ಜಿನ ಮೇಲಿನ ಎರಡು ಅಂತಸ್ತು ಅವರವು, ಹಾಲ್‌ನಲ್ಲಿರುವ ಗಾಜಿನ ಕಪಾಟೂ ಅವರದು. ನಾನು ಒಗ್ಗರಣೆ ಹಾಕಿದರೆ ಅಡುಗೆಮನೆ ಬಾಗಿಲ ಸಂದಿಗೆ ಟವೆಲ್ ತುರುಕುತ್ತಿದ್ದರು. ನಾನು ಎದುರಿಗೇ ನಿಂತಿದ್ದರೂ ನನಗೆ ಹೇಳಬೇಕಾದ್ದನ್ನು ತಮ್ಮನಿಗೆ ಹೇಳುವುದು ಅವರ ರೂಢಿ.

“ನಿನ್ನ ಹೆಂಡ್ತಿಗೆ ಹೇಳು, ಇದು ಮನಿ ಐತಿ, ಖಾನಾವಳಿ ಅಲ್ಲ.”

“ನಿಮ್ಮ ಅಣ್ಣಾರಿಗೆ ಹೇಳ್ರಿ,” ಅನ್ನುತ್ತಿದ್ದೆ ನಾನು. “ಖಾನಾವಳ್ಯಾಗಾದ್ರ ಉಂಡ ತಾಟು ಬಿಟ್ಟು ಎದ್ದು ಹೋಗಬಹುದು. ಮನಿ ಅಂದಮ್ಯಾಲೆ ತೊಳೀಬೇಕಾಗತೈತಿ.”

ಗಂಡ ಇಬ್ಬರ ನಡುವೆ ಫೋನ್ ನೋಡುತ್ತ ಕೂತಿರುತ್ತಿದ್ದ.

ಕತ್ತಿ ಜಪಾನಿನದು, ಗಿಡ್ಡ ಕತ್ತಿ. ನನ್ನ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದದ ಅಲಗು, ಕಂಡೂ ಕಾಣದಷ್ಟು ಬಾಗು. ಅಲ್ಲಿಯ ಒಬ್ಬ ಕಮ್ಮಾರ, ಈಗಲೂ ಬದುಕಿರುವವನು, ಉಕ್ಕನ್ನು ಮಡಚಿ ಮಡಚಿ ಬಡಿದು ಕೈಯಾರೆ ಮಾಡಿದ್ದಂತೆ. ಅವನ ಸಹಿಯ ಕಾಗದವೂ ಇತ್ತು. ಅಲಗಿನ ಹರಿತ ಅಂಚಿನುದ್ದಕ್ಕೂ ಹಾಲಿನ ಕೆನೆ ಸರಿದಂಥ ಒಂದು ಬಿಳಿ ಅಲೆ. ಅದು ಬಣ್ಣವಲ್ಲ, ಉಕ್ಕೇ ಹಾಗೆ. ಭಾವನಿಗೆ ಲಗ್ನ ಮುರಿದ ಮೇಲೆ ಈ ಹವ್ಯಾಸ ಹತ್ತಿತ್ತು. ಬೇರೆ ಏನೂ ಕೂಡಿಸಲಿಲ್ಲ, ಈ ಒಂದೇ ಕತ್ತಿಗಾಗಿ ವರ್ಷಗಟ್ಟಲೆ ಕಾದರು. ಅದು ಚೆಂದವಾಗಿತ್ತು ಎಂದು ಬರೆಯುವುದಕ್ಕೆ ಈಗಲೂ ನನ್ನ ಕೈ ಹಿಂಜರಿಯುತ್ತದೆ. ಚೆಂದವಾಗಿತ್ತು.

ಭಾನುವಾರ ಮಧ್ಯಾಹ್ನ ಹಾಲ್‌ನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅದನ್ನು ಶುಚಿ ಮಾಡುತ್ತಿದ್ದರು. ಉಗುಳು ಸಿಡಿಯಬಾರದೆಂದು ಬಾಯಲ್ಲಿ ಮಡಚಿದ ಕಾಗದ ಕಚ್ಚಿಕೊಳ್ಳುತ್ತಿದ್ದರು. ರೇಷ್ಮೆಯಲ್ಲಿ ಕಟ್ಟಿದ ಬಿಳಿ ಪುಡಿಯ ಉಂಡೆಯಿಂದ ಅಲಗಿನುದ್ದಕ್ಕೂ ಮೆಲ್ಲಗೆ ತಟ್ಟಿ, ಒರೆಸಿ, ಕೊನೆಗೆ ಲವಂಗದ ವಾಸನೆಯ ಎಣ್ಣೆ ಸವರುತ್ತಿದ್ದರು. ಒಗ್ಗರಣೆಯ ವಾಸನೆ ಆಗದವರು ಮನೆ ತುಂಬ ಲವಂಗದ ವಾಸನೆ ಎಬ್ಬಿಸುತ್ತಿದ್ದರು. ಭಾವ ಬಾಯಿ ಮುಚ್ಚಿಕೊಂಡಿರುವ ಒಂದೇ ಗಂಟೆ ಅದು ಎಂದು ಗಂಡನ ಹತ್ತಿರ ನಗುತ್ತಿದ್ದೆ. ಕಪಾಟಿನೊಳಗೆ ತೇವ ಅಳೆಯುವ ಪುಟ್ಟ ಮೀಟರ್ ಇತ್ತು. ಚಳಿಗಾಲದಲ್ಲಿ ಒದ್ದೆ ಬಟ್ಟೆಯ ಸ್ಟ್ಯಾಂಡನ್ನು ನಾನು ಅದರ ಪಕ್ಕದಲ್ಲೇ ನಿಲ್ಲಿಸುತ್ತಿದ್ದೆ. ಬೇರೆ ಜಾಗವಿರಲಿಲ್ಲ ಎಂದು ಹೇಳುತ್ತಿದ್ದೆ. ಜಾಗವಿತ್ತು.

ಅತ್ತೆ ಬಂದ ಮೇಲೆ ಮನೆ ಸ್ವಲ್ಪ ತಣ್ಣಗಾಯಿತು. ಬೆಳಿಗ್ಗೆ ತಮ್ಮ ಇಬ್ಬರು ಗಂಡುಮಕ್ಕಳನ್ನೂ ಬಾಗಿಲಲ್ಲಿ ನಿಲ್ಲಿಸಿ ಹಣೆಗೆ ವಿಭೂತಿ ಹಚ್ಚಿಯೇ ಕೆಲಸಕ್ಕೆ ಕಳಿಸುತ್ತಿದ್ದರು. ಅವರ ಬಲಗೈಯ ಉಂಗುರದ ಬೆರಳು ಯಾವಾಗಲೋ ಬಾಗಿಲ ಸಂದಿಗೆ ಸಿಕ್ಕು ಮುರಿದು ಡೊಂಕಾಗಿ ಕೂಡಿತ್ತು. ಮೊದಲ ಎರಡು ಗೆರೆ ನೆಟ್ಟಗೆ ಬರುತ್ತಿದ್ದವು, ಮೂರನೆಯದು ಹುಬ್ಬಿನ ಕಡೆ ಜಾರುತ್ತಿತ್ತು. ಗಂಡ ಸ್ಟೇಷನ್ ಸೇರುವ ಮೊದಲೇ ಒರೆಸಿಕೊಳ್ಳುತ್ತಿದ್ದ. ಭಾವ ಮಾತ್ರ ಹಾಗೇ ಆಫೀಸಿಗೆ ಹೋಗುತ್ತಿದ್ದರು. ಅದು ನನಗೆ ಆಗಲೂ ಕಂಡಿತ್ತು. ಆದರೆ ಕತೆ ಹೇಳುವಾಗ ಬಿಟ್ಟುಬಿಡುತ್ತಿದ್ದೆ.

ಬೇರೆ ಕಡೆ ಆಯುಧಪೂಜೆ ಅನ್ನುವುದನ್ನು ನಮ್ಮಲ್ಲಿ ಖಂಡೇಪೂಜೆ ಅನ್ನುತ್ತಾರೆ. ಕುಡುಗೋಲು, ತಕ್ಕಡಿ, ಈಳಿಗೆ ತೊಳೆದಿಟ್ಟು ವಿಭೂತಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದಿಟ್ಟು ಆರತಿ ಎತ್ತುವುದು. ಆ ಬೆಳಿಗ್ಗೆ ಹಾಲ್‌ನ ಮೇಜಿನ ಮೇಲೆ ಅಡುಗೆಮನೆಯ ಚಾಕುಗಳು, ಗಂಡನ ಲ್ಯಾಪ್‌ಟಾಪು, ಕಾರಿನ ಕೀಲಿ ಇಟ್ಟಿದ್ದೆವು. ಭಾವ ಆಫೀಸಿನ ಕೆಲಸದ ಮೇಲೆ ಲೀಡ್ಸ್‌ಗೆ ಹೋಗಿದ್ದರು, ಮರುದಿನ ಬರುವವರಿದ್ದರು. ಅತ್ತೆ ಕಪಾಟಿನ ಮುಂದೆ ನಿಂತರು.

“ಹುಟ್ಟಿದಾಗಿಂದ ಖಂಡೇಪೂಜಿ ಖಂಡೇಪೂಜಿ ಅಂತ ಕುಡಗೋಲಿಗೆ ಕುಂಕುಮ ಹಚ್ಚೇನಿ. ಈಗ ಮನ್ಯಾಗ ಖರೇ ಖಡ್ಗ ಐತಿ, ಅದನ್ನ ಗಾಜಿನ್ಯಾಗ ಕೂಡಿಸಿ ಲ್ಯಾಪ್‌ಟಾಪಿಗೆ ಆರತಿ ಮಾಡೂದೇನವಾ?”

ಇಲ್ಲಿಯವರೆಗೆ ನನ್ನ ನೆನಪೂ ದಿನಚರಿಯೂ ಒಂದೇ. ಇಲ್ಲಿಂದ ಮುಂದೆ ನೆನಪು ಅತ್ತೆಯ ಕೈಯನ್ನು ಕಪಾಟಿಗೆ ಹಾಕುತ್ತದೆ. ದಿನಚರಿ ಹಾಕುವುದಿಲ್ಲ. ಅದರಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: “‘ಅವ ಏನರ ಅಂದಾನ?’ ಅಂತ ಅತ್ತೆ ಕೇಳಿದರು. ಏನೂ ಅನ್ನೂದಿಲ್ರಿ, ಅವರೂ ಅದಕ್ಕ ಬಿಳಿ ಪುಡಿ ಹಚ್ಚತಾರ ಅಂದೆ. ಕತ್ತಿ ತೆಗೆದೆ. ವಿಭೂತಿ ನೀರಲ್ಲಿ ಕಲಸಿ ಮೂರು ಗೆರೆ ಎಳೆದೆ. ನಿಂಬೆ ಹೋಳನ್ನು ಅಲಗಿಗೆ ಆನಿಸಿ ಇಟ್ಟೆ. ಅತ್ತೆ ಆರತಿ ಎತ್ತಿದರು. ಮನಸ್ಸು ಹಗುರಾಯಿತು.”

ಮನಸ್ಸು ಹಗುರಾದದ್ದು ಪೂಜೆಯಿಂದಲೋ ಅಲ್ಲವೋ ಎಂದು ತಿಳಿಯಲು ನಾನು ಪುಟಗಳನ್ನು ಹಿಂದಕ್ಕೆ ತಿರುವಿದೆ. ಭಾವ ಕತ್ತಿಯನ್ನು ಮೊದಲ ಸಲ ಮನೆಗೆ ತಂದು ತಮ್ಮನಿಗೆ ತೋರಿಸಿದ ದಿನ ಸಿಕ್ಕಿತು. “ಬರಿ ಬೆರಳು ತಾಗಿದರೂ ಸಾಕಂತೆ, ಗುರುತು ಉಕ್ಕಿನೊಳಗೆ ಇಳಿಯುತ್ತದಂತೆ. ಆಮೇಲೆ ಹೋಗುವುದಿಲ್ಲವಂತೆ. ಗಂಡನಿಗೆ ಹೇಳಿದ್ದು, ನಾನೂ ಕೇಳಿಸಿಕೊಂಡೆ.” ಹೋಗುವುದಿಲ್ಲವಂತೆ ಎಂಬುದರ ಕೆಳಗೆ ಗೆರೆ ಎಳೆದಿದ್ದೆ.

ಮರುದಿನ ದಸರೆ. ಮಧ್ಯಾಹ್ನ ಭಾವ ಚಕ್ರದ ಬ್ಯಾಗ್ ಎಳೆದುಕೊಂಡು ಒಳಗೆ ಬಂದಾಗ ಅತ್ತೆ ಊರಿಂದ ತಂದಿದ್ದ ಒಣಗಿದ ಬನ್ನಿ ಎಲೆಗಳನ್ನು ಹಿಡಿದು ಕಾಯುತ್ತಿದ್ದರು. ನಮ್ಮಲ್ಲಿ ಆ ದಿನ ಬನ್ನಿ ಕೊಟ್ಟರೆ ಹಗೆಯವರೂ ತಗೊಳ್ಳುತ್ತಾರೆ. ಪೂಜೆಗಿಟ್ಟದ್ದನ್ನು ಇನ್ನೂ ತೆಗೆದಿರಲಿಲ್ಲ. ಭಾವ ಮೇಜು ನೋಡಿದರು. ನಿಂಬೆ ಹೋಳು ಒಣಗಿ ಅಲಗಿಗೆ ಅಂಟಿತ್ತು. ಅವರು ಬ್ಯಾಗಿನಿಂದ ಕೈ ತೆಗೆದು, ಮೆತ್ತಗಿನ ಬಟ್ಟೆ ತಂದು ಒರೆಸಿದರು. ಬೂದಿ ಹೋಯಿತು. ಅದರ ಕೆಳಗೆ ಮೂರು ಕಂದು ಗೆರೆಗಳು, ನಿಂಬೆಯಿದ್ದಲ್ಲಿ ಮಬ್ಬಾದ ಅರೆವೃತ್ತ.

“ಯಾರು ಹಚ್ಚಿದ್ದು?”

ಅವರು ನನ್ನನ್ನು ನೇರವಾಗಿ ಕೇಳಿದ್ದು ಅದೇ ಮೊದಲಿರಬೇಕು. ನಾನು ಹೇಳಿದೆ, “ಅತ್ತ್ಯಾರು ಪೂಜಿ ಮಾಡಬೇಕಂದ್ರು.”

ಸುಳ್ಳಲ್ಲ. ಒಂದು ವರ್ಷ ಅದನ್ನೇ ಹಿಡಿದು ಬದುಕಿದೆ: ನಾನು ಹೇಳಿದ್ದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, “ಹೌದಪಾ, ನಾನ ಹಚ್ಚಿದೆ. ನನಗ ತಿಳೀಲಿಲ್ಲ” ಅಂದರು.

ಭಾವ ಕೂಗಾಡಲಿಲ್ಲ. “ನನಗ ಒಂದ ವಸ್ತು ಇತ್ತು ಈ ಮನ್ಯಾಗ. ಅದೂ ನಿನ್ನ ಕಣ್ಣಿಗೆ ಹತ್ತಿತು” ಅಂತ ತಾಯಿಗೆ ಅಂದು ಕತ್ತಿ ಎತ್ತಿಕೊಂಡು ಮಹಡಿ ಏರಿದರು. ಬನ್ನಿ ಅತ್ತೆಯ ಕೈಯಲ್ಲೇ ಉಳಿಯಿತು. ಆ ಭಾನುವಾರ ಕತ್ತಿಪ್ರಿಯರ ಕೂಟವೊಂದರಲ್ಲಿ ಅದನ್ನು ಮೊದಲ ಸಲ ತೋರಿಸುವುದಿತ್ತು, ಹೋಗಲಿಲ್ಲ. ಅಲಗಿಗೆ ಹೊಳಪು ಕೊಡುವವನೊಬ್ಬನಿಗೆ ತೋರಿಸಿದರಂತೆ. ಗೆರೆ ತೆಗೆಯಬೇಕಾದರೆ ಉಕ್ಕನ್ನೇ ಉಜ್ಜಿ ತೆಳ್ಳಗೆ ಮಾಡಬೇಕು, ಆ ಬಿಳಿ ಅಲೆಯೂ ಸವೆದೀತು ಎಂದನಂತೆ. ಅತ್ತೆ ಊರಿಗೆ ಹೊರಟಾಗ ಭಾವ ಹೀಥ್ರೋಗೂ ಬರಲಿಲ್ಲ. ಅಲ್ಲಿಂದ ಈಚೆ ತಾಯಿಯ ಫೋನ್ ಎತ್ತಿರಲಿಲ್ಲ. ಅತ್ತೆ ಪ್ರತಿ ವಾರ ನನಗೆ ಮಾಡಿ, “ಅವಗ ಹೇಳವಾ, ನಂದು ತಪ್ಪಾತಂತ” ಅನ್ನುತ್ತಿದ್ದರು. ನಾನು “ಹೇಳತೇನ್ರಿ” ಅನ್ನುತ್ತಿದ್ದೆ. ಈ ವರ್ಷ ಬರ್ರಿ ಎಂದು ಗಂಡ ಕರೆದರೆ, “ಅವ ಕರದ್ರ ಬರತೇನಿ, ಇಲ್ಲಾಂದ್ರ ಇನ್ನ ಆ ಮನಿಗೆ ಬರೂದಿಲ್ಲ” ಅಂದರು.

ದಿನಚರಿ ಓದಿದ ಮೇಲೂ ನಾನು ತಕ್ಷಣ ಏನೂ ಮಾಡಲಿಲ್ಲ. ಮಾಡಿದೆ ಅಂತ ಬರೆಯಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂಬತ್ತು ದಿನ ಸುಮ್ಮನಿದ್ದೆ. ಹತ್ತನೆಯ ದಿನ ಶನಿವಾರ, ಭಾವ ಅಡುಗೆಮನೆಯಲ್ಲಿ ಚಹಾ ಮಾಡಿಕೊಳ್ಳುತ್ತಿದ್ದಾಗ ಹೇಳಿದೆ.

“ಭಾವಾರ, ಕತ್ತಿಗೆ ವಿಭೂತಿ ಹಚ್ಚಿದಾಕಿ ನಾನು. ಅತ್ತ್ಯಾರಲ್ಲ.”

ಅವರು ಕೆಟಲ್ ಕೆಳಗಿಡಲೂ ಇಲ್ಲ. “ಗೊತ್ತೈತಿ.”

“ಯಾವಾಗಿಂದ?”

“ಒರಿಸಿದ ಕೂಡ್ಲೆ. ಮೂರೂ ಗೆರಿ ನೆಟ್ಟಗಿದ್ವು. ಅವ್ವನ ಬೆರಳಿಂದ ಮೂರನೇ ಗೆರಿ ಎಂದರ ನೆಟ್ಟಗ ಬಂದೈತೇನು? ನಲವತ್ತ ವರ್ಷ ನನ್ನ ಹಣಿಮ್ಯಾಲೆ ಹಚ್ಚ್ಯಾಳ ಆಕಿ.”

ನನಗೆ ಸಿಟ್ಟು ಬಂತು. ಬರಲು ನನಗೆ ಹಕ್ಕಿರಲಿಲ್ಲ, ಆದರೂ ಬಂತು. “ಗೊತ್ತಿದ್ದೂ ಒಂದ ವರ್ಷ ಆ ಮುದುಕಿ ಜೋಡಿ ಮಾತ ಬಿಟ್ರಿ? ನನ್ನ ಬೈಬೇಕಿತ್ತು!”

“ನಿನ್ನ ಯಾಕ ಬೈಲಿ? ನೀ ಯಾರ ನನಗ?” ಅವರ ದನಿ ಏರಲಿಲ್ಲ. “ನೀ ಹಚ್ಚಿದ್ದು ಉಕ್ಕಿಗೆ. ಆಕಿ ನನ್ನ ಮುಂದ ನಿಂತು ನಿನ್ನ ಸಲುವಾಗಿ ಸುಳ್ಳ ಹೇಳಿದ್ಲು. ನನ್ನ ಲಗ್ನ ಮುರದಾಗ ಊರ ಮಂದಿ ಮನಿಗೆ ಬಂದು ನನಗ ಬಾಯಿಗೆ ಬಂದಂಗ ಅಂದ್ರು. ಆಗ ಆಕಿ ನನ್ನ ಸಲುವಾಗಿ ಒಂದ ಖರೇ ಮಾತ ಸೈತ ಆಡ್ಲಿಲ್ಲ. ಒಳಗ ಕುಂತು ಅಕ್ಕಿ ಆರಿಸಿದ್ಲು.”

ನಾನು ಫೋನ್ ಕೈಗೆತ್ತಿಕೊಂಡೆ. ಹೇಳಿದ್ದು ಇಷ್ಟೇ: “ನಾ ಈಗ ಅವರಿಗೆ ಫೋನ್ ಮಾಡತೇನಿ.”

“ಮಾಡು. ನನಗೇನು.” ಆದರೆ ಅಡುಗೆಮನೆಯಿಂದ ಹೋಗಲಿಲ್ಲ.

ಸ್ಪೀಕರಿನಲ್ಲಿ ಹಾಕಿ ಎಲ್ಲವನ್ನೂ ಹೇಳಿದೆ. ನಾನು ಹಚ್ಚಿದ್ದು ಭಾವನಿಗೆ ಮೊದಲೇ ಗೊತ್ತಿತ್ತು ಅಂದೆ.

“ಅದು ಬಿಡು,” ಅಂದರು ಅತ್ತೆ. “ಅವ ಏನೂ ಅನ್ನೂದಿಲ್ಲಂತ ಅವತ್ತ ನನಗ ಹೇಳಿದೆಲ್ಲ. ಕೆಡತೈತಂತ ನಿನಗ ಗೊತ್ತಿತ್ತೇನು?”

ಮರೆತಿದ್ದೆ ಅನ್ನಬಹುದಿತ್ತು. ಅದೂ ಪೂರ್ತಿ ಸುಳ್ಳಲ್ಲ. ಮನುಷ್ಯ ತನಗೆ ಬೇಕಾದಾಗ ಬೇಕಾದ್ದನ್ನು ಮರೆಯಬಲ್ಲ.

“ಗೊತ್ತಿತ್ರಿ, ಅತ್ತೀ.”



“ಮಗಳಂತ ತಿಳದು ನಾ ನಿನ್ನ ಮ್ಯಾಲಿಂದು ನನ್ನ ಮ್ಯಾಲೆ ಹಾಕ್ಕೊಂಡೆ. ತಿಳೀದ ಮಾಡಿದಿ ಅಂತ. ಅವ ಅಲ್ಲೇ ಅದಾನೇನು?”

“ಅದಾರ್ರಿ.”

“ಫೋನ್ ಅವನ ಕೈಯಾಗ ಕೊಡು. ನೀ ಹೊರಗ ನಡಿ.”

ಕೊಟ್ಟೆ. ಭಾವ ಸ್ಪೀಕರ್ ಆರಿಸಿ, ನನ್ನ ಮುಖದ ಮೇಲೇ ಅಡುಗೆಮನೆ ಬಾಗಿಲು ಹಾಕಿಕೊಂಡರು. ಒಳಗಿನಿಂದ ಮೊದಲು ಜಗಳದ ದನಿ ಬಂತು, ಊರು, ಮಂದಿ, ಅಕ್ಕಿ ಎಂಬ ಶಬ್ದಗಳು ಬಂದವು. ಬಹಳ ಹೊತ್ತಿನ ಮೇಲೆ ಬರೀ “ಹ್ಞೂಂ ಅವ್ವ, ಹ್ಞೂಂ” ಅನ್ನುವುದು. ಆಮೇಲೆ ಭಾವ ಫೋನನ್ನು ಸಿಂಕಿನ ಪಕ್ಕ ಬಿಟ್ಟು ಮಹಡಿಗೆ ಹೋದರು. ಎತ್ತಿಕೊಂಡರೆ ಫೋನ್ ಬಿಸಿಯಾಗಿತ್ತು.

ಅತ್ತೆ ಈಗ ವಾರ ವಾರ ಭಾವನಿಗೆ ಫೋನ್ ಮಾಡುತ್ತಾರೆ. ನನಗೆ ಮಾಡುವುದಿಲ್ಲ. ನಾನು ಮಾಡಿದರೆ ಎತ್ತುವುದಿಲ್ಲ. ಚಳಿಗಾಲ ಕಳೆದ ಮೇಲೆ ಬರುತ್ತಾರಂತೆ; ಅಷ್ಟರೊಳಗೆ ಸೇರಲೆಂದು ಭಾವ ಗ್ರೀನ್‌ಫರ್ಡಿನಲ್ಲಿ ಬೇರೆ ಮನೆ ನೋಡುತ್ತಿದ್ದಾರೆ, ಅತ್ತೆ ಇಳಿಯುವುದು ಅಲ್ಲಿ. ಭಾವ ಈ ಮನೆ ಬಿಟ್ಟು ಹೋಗಲಿ ಎಂದು ಎಷ್ಟು ಸಲ ಇದೇ ದಿನಚರಿಯಲ್ಲಿ ಬರೆದಿದ್ದೇನೋ ಎಣಿಸಿಲ್ಲ.

ಈ ದಸರೆಗೆ ಊರಿಗೆ ಹೋಗಿಬಂದವರ ಕೈಯಲ್ಲಿ ಅತ್ತೆ ಭಾವನ ಹೆಸರಿಗೆ ಒಂದು ಪೊಟ್ಟಣ ಕಳಿಸಿದ್ದರು. ವಿಭೂತಿಯ ಗಟ್ಟಿ, ಒಣಗಿದ ಬನ್ನಿ. ಭಾವ ಅದನ್ನು ಬಿಚ್ಚಿ, ತಮಗೆ ಬೇಕಾದಷ್ಟು ಎಲೆ ತೆಗೆದುಕೊಂಡು, ಉಳಿದದ್ದನ್ನು ಮೇಜಿನ ಮೇಲೆ ಹಾಗೇ ತೆರೆದು ಬಿಟ್ಟು ಕೆಲಸಕ್ಕೆ ಹೋದರು. ಯಾರಿಗೆಂದು ಹೇಳಲಿಲ್ಲ. ಸಂಜೆಯವರೆಗೂ ಅದು ಅಲ್ಲೇ ಇತ್ತು. ನಾನು ಸುತ್ತಮುತ್ತ ಒರೆಸಿದೆ, ಅದನ್ನು ಮುಟ್ಟಲಿಲ್ಲ. ಕೇಳದೆ ಮುಟ್ಟಬಾರದೆಂದು ಈಗ ಗೊತ್ತಿದೆ. ಆಗಲೂ ಗೊತ್ತಿತ್ತು.