ಮಂಟಪದ ಕಂಪ್ಯೂಟರಿನಲ್ಲಿ ನನ್ನ ಮದುವೆ

ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಮೊನ್ನೆ ನನಗೆ ಕಂಟೇನರ್ ಅಂದರೇನೆಂದು ಹೇಳಿಕೊಟ್ಟಳು. "ಇದರೊಳಗೆ ಸಾಫ್ಟ್‌ವೇರನ್ನ ಹೇಗೆ ಬೇಕಾದ್ರೂ ಟೆಸ್ಟ್ ಮಾಡಿ ಸರ್, ಹೊರಗಿನ ಅಸಲಿಗೆ ಒಂದು ಚೂರೂ ಸೋಂಕಲ್ಲ." ನಾನು ತಲೆಯಾಡಿಸಿದೆ. ಮನಸ್ಸು ಮಾತ್ರ ಹೊಳೆನರಸೀಪುರಕ್ಕೆ ಹೋಗಿ ಕೂತಿತ್ತು.

ತೊಂಬತ್ತರ ದಶಕದ ಕೊನೆ. ಅಲ್ಲಿನ ಒಂದು ಕಲ್ಯಾಣ ಮಂಟಪಕ್ಕೆ ನಾನು ಬುಕಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಇದ್ದದ್ದು ಒಂದೇ ಕಂಪ್ಯೂಟರ್; ಅಸಲಿ ಬುಕಿಂಗೂ ಅದರಲ್ಲೇ, ನನ್ನ ಟೆಸ್ಟಿಂಗೂ ಅದರಲ್ಲೇ. ಟೆಸ್ಟಿಂಗಿಗೆ ಒಂದು ಮದುವೆ ಬೇಕಲ್ಲ? ಪಂಚಾಂಗ ತೆರೆದು ಒಳ್ಳೆಯ ಲಗ್ನವನ್ನೇ ಆರಿಸಿದೆ. ಸುಳ್ಳು ಮದುವೆಯಾದರೂ ರಾಹುಕಾಲದಲ್ಲಿ ಮಾಡಲು ಮನಸ್ಸು ಬರಲಿಲ್ಲ ನೋಡಿ. ವರನ ಜಾಗದಲ್ಲಿ ನನ್ನ ಹೆಸರು. ವಧು, ಪಕ್ಕದ ಟೈಪಿಂಗ್ ಕ್ಲಾಸಿಗೆ ಹಳ್ಳಿಮೈಸೂರಿನಿಂದ ಬರುತ್ತಿದ್ದ ಶೋಭಾ. ಅವಳ ತಂದೆಯ ಹೆಸರನ್ನು ಕ್ಲಾಸಿನ ಹಾಜರಿ ಪುಸ್ತಕದಿಂದ ಸಂಪಾದಿಸಿದ್ದೆ. ಅವಳೊಡನೆ ಒಂದು ಮಾತೂ ಆಡಿರಲಿಲ್ಲ. ಪ್ರೋಗ್ರಾಂ ಸರಾಗವಾಗಿ ಓಡಿತು. ಆ ಬುಕಿಂಗನ್ನು ಅಳಿಸಲು ಮರೆತೆ. ಮರೆತೆ ಅಂತಲೇ ಇಟ್ಟುಕೊಳ್ಳಿ.

ಹದಿನೈದು ದಿನಕ್ಕೆ ಶೋಭಾಳ ಅಪ್ಪ ಸಣ್ಣೇಗೌಡರು ಮಗಳ ಮದುವೆಗೆ ಮಂಟಪ ಕೇಳಿಕೊಂಡು ಬಂದರು. ಅದೇ ಲಗ್ನ. ಮ್ಯಾನೇಜರ್ ಪರದೆ ನೋಡಿ, "ನಿಮ್ಮ ಮಗಳ ಮದುವೆಗೇ ಬುಕ್ ಆಗಿದೆಯಲ್ರೀ," ಎಂದು ವರನ ಹೆಸರನ್ನು ಗಟ್ಟಿಯಾಗಿ ಓದಿ, ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ತಿರುಗಿದರು.

"ನನ್ ಮಗಳ ಮದ್ವೆ ನಂಗೇ ಗೊತ್ತಿಲ್ದಂಗೆ ಬುಕ್ ಆಗೈತಾ?" ಗೌಡರು ಮೇಜು ತಟ್ಟಿದರು. "ಅರಕಲಗೂಡಿನ್ ಬೀಗರ್‌ಗೆ ಗೊತ್ತಾದ್ರೆ ಸಂಬಂಧ ಮುರ್ದೋಯ್ತದೆ ಕಣ್ ಸಾ!"

ನನ್ನ ಚಪಲಕ್ಕೆ, ಏನೂ ಅರಿಯದ ಹುಡುಗಿಯ ಮದುವೆ ನಿಲ್ಲುವುದೇ? ನನಗೆ ನಾಚಿಕೆಗಿಂತ ಹೆದರಿಕೆಯಾಯಿತು. "ತಪ್ಪು ನಂದು ಗೌಡ್ರೇ. ಟೆಸ್ಟಿಂಗಿಗೆ ಹಾಕಿದ್ದೆ. ನಿಮ್ಮ ಮಗಳಿಗೆ ನಾನು ಯಾರು ಅಂತ್ಲೂ ಗೊತ್ತಿಲ್ಲ," ಎಂದೆ. ಕೊನೆಯ ಮಾತು ಎಷ್ಟು ನಿಜವೆಂದು ಹೇಳುವಾಗಲೇ ಹೊಳೆದು ಬೇಸರವೂ ಆಯಿತು.

ಗಲಾಟೆ ಕೇಳಿ ಅಡುಗೆ ಭಟ್ಟರು ಸೌಟು ಹಿಡಿದೇ ಬಂದರು. "ರುಚಿ ನೋಡೋಕ್ಕೆ ಹುಳೀನ ಅಂಗೈಗೆ ಬಿಟ್ಕೋತೀವಿ ಕಣಯ್ಯ. ನೀನು ಸೌಟನ್ನೇ ನೆಕ್ಕಿ ಮತ್ತೆ ಕೊಳದಪ್ಪಲೆಗೆ ಅದ್ದಿದ್ಯಲ್ಲ! ಊರಿಗೆಲ್ಲ ಎಂಜಲು!"

ಗೌಡರು ಪರದೆಯತ್ತ ಕೈ ತೋರಿಸಿದರು. "ಅಳ್ಸಪ್ಪಾ," ಎಂದರು. ನಾನೇ ಬರೆದ ಪ್ರೋಗ್ರಾಂ "ಖಚಿತವೇ?" ಎಂದು ಕೇಳಿತು. ಅಳಿಸಿದೆ. "ಮದ್ವೆಗೆ ಬಾ. ಕಂಪ್ಯೂಟ್ರು ಮಾತ್ರ ಮುಟ್ಬ್ಯಾಡ," ಎಂದು ಗೌಡರು ಎದ್ದರು. ಹೋಗಿದ್ದೆ, ಭಟ್ಟರ ಹುಳಿಯನ್ನು ಎರಡು ಸಲ ಹಾಕಿಸಿಕೊಂಡೆ.

"ಸರ್, ಟೆಸ್ಟಿಗೆ ಯಾವುದಾದ್ರೂ ಒಂದು ಹೆಸರು ಹೇಳಿ," ಎಂದಳು ನಮ್ಮ ಹುಡುಗಿ. ನಾಲಿಗೆಯ ತುದಿಗೆ ಬಂದದ್ದು ಶೋಭಾಳ ಹೆಸರೊಂದೇ. ಹೊರಗೆ ಸೋಂಕುವುದಿಲ್ಲ ತಾನೇ ಎಂದು ಎರಡೆರಡು ಸಲ ಕೇಳಿ ಗಟ್ಟಿ ಮಾಡಿಕೊಂಡೆ. ಆಮೇಲೂ ನನ್ನ ಹೆಂಡತಿಯ ಹೆಸರನ್ನೇ ಹೇಳಿದೆ.