ಕಪಾಟಿನ ಹಿಂದಿನ ಐವತ್ತಮೂರು ಗೆರೆಗಳು

ಮಾರ್ಚ್ ೮, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಇದು ಶುರುವಾಯಿತು. ಉತ್ತರ ಲಂಡನ್ನಿನಲ್ಲಿ ನಾವು ಶನಿವಾರ ಮಕ್ಕಳಿಗೆ ಕನ್ನಡ ಕಲಿಸುವ ಹಾಲ್ ಸ್ಥಳೀಯ ಆಡಳಿತದ್ದು, ಅಂದರೆ ಕೌನ್ಸಿಲ್‌ನದು. ಅಂದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಗೋಡೆಗೇ ಬಡಿದಿದ್ದ ಹಳೆಯ ಕಪಾಟನ್ನು ಹಾಲ್ ನೋಡಿಕೊಳ್ಳುವವನು ಕಿತ್ತು ತೆಗೆದಿದ್ದ. ಅದರ ಹಿಂದೆ ಗೋಡೆಗೆ ಹೊದಿಸಿದ್ದ ಮರದ ಹಲಗೆಯ ಮೇಲೆ ಪೆನ್ಸಿಲ್ ಗೆರೆಗಳಿದ್ದವು. ನಾಲ್ಕು ಉದ್ದ, ಒಂದು ಅಡ್ಡ, ಹೀಗೆ ಎರಡು ಸಾಲು. ಎಡಗಡೆ ಮೂವತ್ತೊಂದು, ಬಲಗಡೆ ಇಪ್ಪತ್ತೆರಡು. ಟೇಪ್ ಹಿಡಿದು ಅಳೆದೆ. ನೆಲದಿಂದ ಎರಡೂವರೆ ಅಡಿ. ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡೆ, ಫೋಟೋ ತೆಗೆದೆ, ಯಾರಿಗೂ ತೋರಿಸಲಿಲ್ಲ.

ತೋರಿಸದಿರಲು ಕಾರಣವಿತ್ತು. ಎರಡನೆಯ ಮಹಾಯುದ್ಧ ಮುಗಿದು ಎಂಬತ್ತು ವರ್ಷವಾದ ನೆನಪಿಗೆ ಹಾಲ್‌ನ ಬಾಗಿಲಲ್ಲಿ ಒಂದು ಫಲಕ ಹಾಕುವವರಿದ್ದರು. ಅದರ ಇನ್ನೂರು ಪದಗಳನ್ನು ಬರೆಯುವ ಕೆಲಸ ನಾನಾಗಿಯೇ ಕೇಳಿ ಪಡೆದದ್ದು. ಅಷ್ಟರಲ್ಲಿ ಆರು ಸಲ ಕೌನ್ಸಿಲ್‌ನ ಹಳೆಯ ದಾಖಲೆಗಳ ಕೋಣೆಗೆ ಹೋಗಿ ನಲವತ್ತು ಪುಟ ಟಿಪ್ಪಣಿ ಮಾಡಿದ್ದೆ. ಈ ಹಾಲ್‌ನಲ್ಲಿ ಗ್ಯಾಸ್ ಮಾಸ್ಕ್ ಹಂಚಿದ್ದರು. ಬಾಂಬು ಬಿದ್ದು ಮನೆ ಕಳೆದುಕೊಂಡವರನ್ನು ಮಲಗಿಸಿ, ಸೂಪು ಕೊಟ್ಟು ನೋಡಿಕೊಂಡಿದ್ದರು. ಗೆರೆಗಳ ವಿಷಯ ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ; ಅದು ನನ್ನೊಬ್ಬಳದೇ ಆಗಿರಲಿ ಎಂದುಕೊಂಡೆ. ಎಡಗಡೆಯದು ಬದುಕಿ ಬಂದವರ ಲೆಕ್ಕ, ಬಲಗಡೆಯದು ಸತ್ತವರದು ಎಂದು ನಾನೇ ತೀರ್ಮಾನಿಸಿ ಕರಡು ಬರೆದೆ. ನನಗೇ ಮೆಚ್ಚಿಕೆಯಾಗಿ ಮೂರು ಸಲ ಓದಿಕೊಂಡೆ.

ಇನ್ನು ನನ್ನ ನೆಗೆಣ್ಣಿಯ ವಿಷಯ ಹೇಳಬೇಕು. ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಎರಡು ವರ್ಷ ತಡವಾಗಿ ಲಂಡನ್ನಿಗೆ ಬಂದವಳು. ಕೊಲಿಂಡೇಲ್‌ನಲ್ಲಿ ನಮ್ಮದೇ ಕಟ್ಟಡದಲ್ಲಿ, ಮೂರು ಮಹಡಿ ಮೇಲಿದ್ದಾಳೆ. ನಾಲ್ಕು ವರ್ಷದಿಂದ ಲಿಫ್ಟ್‌ನಲ್ಲಿ ನನಗೆ ಬರೀ ತಲೆಯಾಡಿಸುವವರು ಅವಳನ್ನು ಕಂಡರೆ ನಿಂತು ಮಾತಾಡುತ್ತಾರೆ. ಧಾರವಾಡದಿಂದ ಅತ್ತೆ ನನಗೆ ಫೋನ್ ಮಾಡಿದರೂ ಹೊಗಳುವುದು ಅವಳನ್ನೇ: "ಆಕಿ ನೋಡವಾ, ಎಲ್ಲಿ ಹೋದ್ರೂ ಮಂದಿನ್ನ ಗಳಿಸ್ತಾಳ." ಡೈರಿಯ ಕೊನೆಯ ಪುಟದಲ್ಲಿ ಇದಕ್ಕೂ ಎರಡು ಸಾಲು ಗೆರೆಗಳಿವೆ. ಜನವರಿಯಿಂದ ಅವಳಿಗೆ ಹದಿನಾಲ್ಕು ಹೊಗಳಿಕೆ, ನನಗೆ ಐದು.

ಮಾರ್ಚ್ ೨೯ರ ಶನಿವಾರ, ಪಾಠ ಮುಗಿದು ಕುರ್ಚಿ ಎತ್ತಿಡುವಾಗ ಅವಳು ಆ ಕೋಣೆಯಿಂದಲೇ ಬಂದಳು.

"ಅಕ್ಕಾರ, ಆ ಗ್ವಾಡಿ ಮ್ಯಾಲಿನ ಗೆರಿ ಒಬ್ಬಾಕಿ ಅಜ್ಜಿ ಹಾಕಿದ್ದಂತ."

ಯಾವ ಅಜ್ಜಿ ಎಂದೆ. ಬುಧವಾರ ಹಿರಿಯರ ಊಟಕ್ಕೆ ನೀಲಿ ಟೊಪ್ಪಿಗೆ ಹಾಕಿಕೊಂಡು ಬರುವವರು ಎಂದಳು. ಇವಳು ಬುಧವಾರ ರಜೆಯಿದ್ದಾಗ ಅಲ್ಲಿ ತಟ್ಟೆ ಹಂಚಲು ಹೋಗುತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ. ಯುದ್ಧದಲ್ಲಿ ಮನೆ ಹೋದಾಗ ಆ ಅಜ್ಜಿ, ಅವರ ಅಕ್ಕ, ಅವ್ವ ಮೂವರೂ ಇದೇ ಹಾಲ್‌ನಲ್ಲಿದ್ದರಂತೆ. ಅವ್ವನ ಮಗ್ಗುಲಲ್ಲಿ ಒಬ್ಬರಿಗೆ ಮಾತ್ರ ಜಾಗ. ಯಾರು ಎಷ್ಟು ಸಲ ಅಲ್ಲಿ ಮಲಗಿದರು ಎಂದು ಅಜ್ಜಿ ದಿನಾ ಬೆಳಿಗ್ಗೆ ಗೆರೆ ಹಾಕುತ್ತಿದ್ದರಂತೆ.

"ಆಕಿನ್ನ ನೀವು ಮಾತಾಡ್ಸಿಲ್ಲೇನ್ರಿ? ಬರೇ ಕಾಗದಾ ಕೇಳೀರಿ, ಬಿಡ್ರಿ," ಎಂದು ನಕ್ಕಳು.

ನನ್ನ ಮೈ ಉರಿಯಿತು. ಆರು ಭೇಟಿ, ನಲವತ್ತು ಪುಟ. ಅವಳಿಗೆ ಒಂದು ತಟ್ಟೆ ಊಟ ಬಡಿಸುವಷ್ಟರಲ್ಲಿ ಸಿಕ್ಕಿತ್ತು. ಕರಡು ಕೊಡಲು ಶುಕ್ರವಾರದವರೆಗೆ ಸಮಯವಿತ್ತು. ಮುದುಕಿಯ ನೆನಪನ್ನು ಹೇಗೆ ನಂಬುವುದು, ನನ್ನದನ್ನೇ ಕೊಟ್ಟರೆ ಯಾರು ಕೇಳುತ್ತಾರೆ ಎಂದುಕೊಂಡೆ. ಆದರೂ ಏಪ್ರಿಲ್ ೨ರ ಬುಧವಾರ ಅರ್ಧ ದಿನ ರಜೆ ಹಾಕಿ ಹೋದೆ. ಹೋದದ್ದು ಅವರ ಮಾತಿನಲ್ಲಿ ತಪ್ಪು ಹುಡುಕಲು.

ಫೋಟೋ ಹೊರಗೆ ತೆಗೆಯಲಿಲ್ಲ. ಲೆಕ್ಕ ನೆನಪಿದೆಯೇ ಎಂದಷ್ಟೇ ಕೇಳಿದೆ. ಅಜ್ಜಿ ಚಮಚ ಕೆಳಗಿಟ್ಟರು. ಪೂರ್ತಿ ಲೆಕ್ಕ ಮರೆತಿದೆ, ಆದರೆ ಅಕ್ಕನಿಗೆ ಒಂಬತ್ತು ಹೆಚ್ಚು ಸಿಕ್ಕಿತ್ತು ಎಂದರು. ಅಕ್ಕನಿಗೆ ಕೆಮ್ಮು, ಅದಕ್ಕೇ ಅವ್ವ ಹತ್ತಿರ ಮಲಗಿಸಿಕೊಳ್ಳುತ್ತಿದ್ದಳಂತೆ. ಕೆಮ್ಮು ಅರ್ಧ ಸುಳ್ಳು ಎಂದು ಸೇರಿಸಿದಾಗ ಅವರ ದನಿ ಗಟ್ಟಿಯಾಯಿತು.

ಮೂವತ್ತೊಂದರಲ್ಲಿ ಇಪ್ಪತ್ತೆರಡು ಕಳೆದರೆ ಒಂಬತ್ತು. ನೆಗೆಣ್ಣಿ ಗೆರೆಗಳನ್ನು ಎಣಿಸಿರಲಿಲ್ಲ. ಅವಳು ಏನನ್ನೂ ಎಣಿಸುವವಳಲ್ಲ. ಎರಡೂವರೆ ಅಡಿ ಎಂದು ಬರೆದುಕೊಂಡ ನನಗೆ, ಆ ಎತ್ತರಕ್ಕೆ ಯಾರ ಕೈ ಬರುತ್ತದೆ ಎಂದು ಯೋಚಿಸಲು ಇಪ್ಪತ್ತೈದು ದಿನ ಬೇಕಾಯಿತು.

ಕರಡು ಹರಿದೆ. ಹೊಸದನ್ನು ಬರೆದು, ಕೆಳಗೆ ವಿಷಯ ಕೇಳಿ ತಿಳಿದವಳೆಂದು ನೆಗೆಣ್ಣಿಯ ಹೆಸರು ಹಾಕಿದೆ, ಅದರ ಕೆಳಗೆ ಬರೆದವಳೆಂದು ನನ್ನದು. ಮೊದಲು ನನ್ನದೇ ಮೇಲಿತ್ತು. ಮೂರು ಸಲ ಅದಲುಬದಲು ಮಾಡಿ, ಕೊನೆಗೆ ಅವಳದು ಮೇಲಿರುವಂತೆಯೇ ಕಳುಹಿಸಿದೆ. ಫಲಕದ ಫೋಟೋ ನೋಡಿ ಅತ್ತೆ ಮೊದಲು ಫೋನ್ ಮಾಡಿದ್ದು ಅವಳಿಗೆ. ಕೊನೆಯ ಪುಟದಲ್ಲಿ ಅವಳ ಸಾಲಿಗೆ ಹದಿನೈದನೆಯ ಗೆರೆ ಹಾಕಿದೆ, ಅಡ್ಡಗೆರೆ.

ಅಜ್ಜಿಯ ಅಕ್ಕ ಮದುವೆಯಾಗಿ ಬೇರೆ ದೇಶಕ್ಕೆ ಹೋದರು, ಆಮೇಲೆ ಕಾಗದಗಳು ನಿಂತವು. ಅಂಥ ಹಾಲ್ ಒಂದರಲ್ಲಿ ತಂಗಿಯ ಜೊತೆ ಕಳೆದ ದಿನಗಳನ್ನು ಹೇಳುತ್ತಿದ್ದ ಹಿರಿಯರೊಬ್ಬರನ್ನು ನೀವು ಎಲ್ಲಾದರೂ ಕಂಡಿದ್ದರೆ ಪ್ರಕಾಶಕರ ಮೂಲಕ ನನಗೆ ಬರೆಯಿರಿ. ಕೆಮ್ಮು ನಿಜವಾಗಿತ್ತೇ ಎಂಬುದು ಗೊತ್ತಿದ್ದರೆ ಅದನ್ನೂ ಬರೆಯಿರಿ. ಅಜ್ಜಿ ಪ್ರತಿ ಬುಧವಾರ ಕೇಳುತ್ತಾರೆ.