ಹನ್ನೊಂದು ನಾಡಿ

ಸುಚಿತ್ರಾಳಿಗೆ ಮನುಷ್ಯರಿಗಿಂತ ಅಂಕಿಗಳೇ ಹೆಚ್ಚು. ಇದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಅಗಡಿಯ ಮನೆಯಲ್ಲಿ ತಂದೆ ಜಟ್ಟೆಪ್ಪನಿಗೆ ಒಮ್ಮೆ ಉಸಿರು ಕಟ್ಟಿದಾಗ ಅವಳು ಮೊದಲು ಒಂದು ನಿಮಿಷ ನಾಡಿ ಎಣಿಸಿ ಬರೆದುಕೊಂಡಳು. ನೀರು ಕೊಟ್ಟದ್ದು ಆಮೇಲೆ. ಜಟ್ಟೆಪ್ಪ ಚೇತರಿಸಿಕೊಂಡ. ಆ ಒಂದು ನಿಮಿಷವನ್ನು ಮಾತ್ರ ಮರೆತಿಲ್ಲ.

ಇಪ್ಪತ್ತೆಂಟು ವರ್ಷದ ಅವಳು ರಾಣೆಬೆನ್ನೂರಿನ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಕಲಿಸುತ್ತ, ವಿಶ್ವವಿದ್ಯಾಲಯದಲ್ಲಿ ವ್ಯಾಯಾಮ ವಿಜ್ಞಾನದ ಎಂ.ಎಸ್ಸಿ. ಮಾಡುತ್ತಿದ್ದಳು. ಎರಡು ವರ್ಷದ ಓದು ನಾಲ್ಕಕ್ಕೆ ಎಳೆದಿತ್ತು. ಪರೀಕ್ಷೆಗಳೆಲ್ಲ ಮುಗಿದು ಉಳಿದದ್ದು ಪ್ರಬಂಧ. ಮೊದಲನೆಯದು ತಿರಸ್ಕೃತವಾಗಿತ್ತು. ಎರಡನೆಯದನ್ನು ಏಪ್ರಿಲ್‌ನ ಕೊನೆಯ ಸೋಮವಾರದೊಳಗೆ ಕೊಡದಿದ್ದರೆ ನೋಂದಣಿ ರದ್ದಾಗುತ್ತಿತ್ತು.

ಕೂತು ದುಡಿಯುವ ಹೆಂಗಸರ ಹೃದಯದ ಕಸುವು ಅವಳ ವಿಷಯ. ಬ್ಯಾಡಗಿಯ ಮಲ್ಲೇಶಪ್ಪನ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಮೂವತ್ತು ಹೆಂಗಸರನ್ನು ಆರಿಸಿಕೊಂಡಳು. ಹದಿನಾರು ಅಂಗುಲ ಎತ್ತರದ ಮಣೆಯನ್ನು ಮೊಬೈಲಿನ ಟಕ್ ಟಕ್ ಸದ್ದಿಗೆ ಸರಿಯಾಗಿ ಮೂರು ನಿಮಿಷ ಹತ್ತಿ ಇಳಿಯಬೇಕು. ನಿಂತ ಕೂಡಲೇ ನಾಡಿ ಎಣಿಸಬೇಕು; ಕಡಿಮೆ ಬಡಿದಷ್ಟೂ ಹೃದಯ ಗಟ್ಟಿ. ಮೂವತ್ತರಲ್ಲಿ ಒಂದು ಕಡಿಮೆಯಾದರೂ ಪ್ರಬಂಧ ತೆಗೆದುಕೊಳ್ಳುವುದಿಲ್ಲವೆಂದು ಮಾರ್ಗದರ್ಶಕರು ಮೊದಲೇ ಹೇಳಿದ್ದರು.

ಮೂವತ್ತೂ ಜನರ ಅಂಕಿಗಳನ್ನು ನೋಡಿ ಮಾರ್ಗದರ್ಶಕರು ಹಿಗ್ಗಿದರು. ಅರವತ್ತರವರ ನಾಡಿ ಮೂವತ್ತರವರ ನಾಡಿಯಂತೆ ಬಡಿಯುತ್ತಿತ್ತು! ಅದೇ ವಿಭಾಗದಲ್ಲಿ ಶರೀರಶಾಸ್ತ್ರ ಕಲಿಸುತ್ತ ಮುದುಕಿಯಾದ ನನಗೆ ನಂಬಿಕೆ ಬರಲಿಲ್ಲ. ನಾಲ್ಕೈದು ಜನರನ್ನು ಮತ್ತೆ ಹತ್ತಿಸಿ ನೋಡು ಎಂದೆ. ಗಡಿಯಾರ ಹಿಡಿಯಲು ಇನ್ನೊಬ್ಬರು ಬೇಕಾಗಿದ್ದರಿಂದ ಶನಿವಾರ ಹಾವೇರಿಯಿಂದ ನಾನೂ ಅವಳ ಜೊತೆ ಬಸ್ಸು ಹತ್ತಿದೆ.

ಮೊದಲು ಕರೆದದ್ದು ಮೈಲವ್ವನನ್ನು. ಹಾಳೆಯಲ್ಲಿ ಅವಳ ವಯಸ್ಸು ಅರವತ್ತೊಂದು, ನಾಡಿ ನೂರಾ ಹದಿನೆಂಟು. ಹತ್ತು ಸಲ ಹತ್ತುವಷ್ಟರಲ್ಲಿ ಮುದುಕಿ ಎದೆ ಹಿಡಿದು ಚೀಲದ ಮೇಲೆ ಕುಸಿದಳು.

"ಯಾಕ ಯವ್ವಾ, ಆವತ್ತು ಮೂರ ನಿಮಿಷ ಹತ್ತಿದ್ದಿ?" ಎಂದಳು ಸುಚಿತ್ರಾ.

ಹಿಂದೆ ಯಾರೋ ಕಿಸಕ್ಕೆಂದರು. ಮುಮ್ತಾಜಬಿ ಎಂಬ ಗಟ್ಟಿಮುಟ್ಟಾದ ಹೆಂಗಸು ಹೇಳಿದಳು: "ಆವತ್ತು ಹತ್ತಿದಾಕಿ ಈಕಿ ಅಲ್ಲರಿ ಅಕ್ಕೋರ. ಹತ್ತಿದ್ದು ಈಕಿ ಸೊಸಿ."

ಘಾಟು ತಡೆಯಲು ಅಲ್ಲಿ ಎಲ್ಲರೂ ಕಣ್ಣಷ್ಟೇ ಕಾಣುವಂತೆ ಸೆರಗು ಸುತ್ತಿಕೊಂಡಿರುತ್ತಾರೆ. ಮುಖ ನೋಡುವ ಅಗತ್ಯ ಸುಚಿತ್ರಾಳಿಗೆ ಕಂಡಿರಲಿಲ್ಲ. ಮಣಿಕಟ್ಟು ಸಾಕಿತ್ತು.

"ನಿನ್ನ ಹೆಸರಲೆ ಯಾರು ಹತ್ತಿದ್ರು?" ಎಂದು ಮುಮ್ತಾಜಬಿಯನ್ನೇ ಕೇಳಿದಳು.

"ನನ್ನ ಹೆಸರಲೆ ನಾನ. ಫಕ್ಕೀರವ್ವನ ಹೆಸರಲೇನೂ ನಾನ. ಎರಡನೇ ಸಲ ನೀವ ಶಾಬಾಸ ಅಂದ್ರಲ್ರಿ!"

ಹೆಂಗಸರು ನಕ್ಕರು. ಸುಚಿತ್ರಾ ನಗಲಿಲ್ಲ. ಒಂದೊಂದೇ ಹೆಸರು ಕೂಗಿ ಕೇಳಿದಳು. ಹನ್ನೊಂದು ಹೆಸರಿನಲ್ಲಿ ಬೇರೆಯವರು ಹತ್ತಿದ್ದರು.

"ಯಾಕ ಹಿಂಗ ಮಾಡಿದ್ರಿ?"

"ದಮ್ಮು ಇಲ್ಲದವರನ್ನ ಮುಂದಿನ ಹಂಗಾಮಿಗೆ ತಗೀತಾರಂತ," ಎಂದಳು ಮೈಲವ್ವ, ಇನ್ನೂ ಏದುಸಿರು ಬಿಡುತ್ತ. "ತಗದ್ರ ಎಲ್ಲಿಗೆ ಹೋಗೂಣು?"

"ಇದು ನನ್ನ ಓದಿಗೆ ಅಷ್ಟ ಅಂತ ಹೇಳಿದ್ನಿಲ್ಲ?"

"ಹಂಗಾರ ಸಾವ್ಕಾರ ನಮ್ಮ ನಂಬರ ನೋಡಂಗಿಲ್ಲ ಅಂತ ಈಗ ಹೇಳು. ತೆವಳಿಕೋತ ಆದ್ರೂ ಹತ್ತತೇನಿ."

ಸುಚಿತ್ರಾ ಅದನ್ನು ಹೇಳುವಂತಿರಲಿಲ್ಲ. ಗೋದಾಮಿನೊಳಗೆ ಬಿಡಬೇಕಾದರೆ ಎಲ್ಲರ ಅಂಕಿಯ ಪ್ರತಿ ತನಗೆ ಬೇಕೆಂದು ಮಲ್ಲೇಶಪ್ಪ ಕೇಳಿದ್ದ; ಅವಳು ಒಪ್ಪಿದ್ದಳು. ಅದನ್ನು ಅವಳು ನನಗೆ ಮೆಲ್ಲಗೆ ಹೇಳಿದ್ದೂ ಆಗಲೇ.

ಅವಳು ಕಡತ ಬಿಚ್ಚಿ ಹನ್ನೊಂದು ಹಾಳೆಗಳ ಮೇಲೆ ಪೆನ್ಸಿಲಿನಿಂದ ಗೀಟು ಎಳೆದಳು. ಸುಳ್ಳು ಅಂಕಿಯನ್ನು ಅವಳು ಇಟ್ಟುಕೊಳ್ಳುವವಳಲ್ಲ. ಹತ್ತೊಂಬತ್ತು ಉಳಿದವು. ಆಮೇಲೆ ಹೆಂಗಸರತ್ತ ತಿರುಗಿದಳು.

"ನನ್ನ ನಾಲ್ಕ ವರ್ಷ ತಿಂದ್ರಿ. ನಾಡದು ಸೋಮವಾರ ಕೊಡಬೇಕು. ನಿಮ್ಮ ಕಾಲಿಗೆ ಬೀಳತೇನಿ, ಒಂದ ಸಲ ಹತ್ರಿ."

ನಿಜವಾಗಿಯೂ ಬಗ್ಗಿದಳು. ಮುದುಕಿಯರು ಕಾಲು ಹಿಂದಕ್ಕೆ ಎಳೆದುಕೊಂಡರು. ಒಬ್ಬರೂ ಏಳಲಿಲ್ಲ.

ಉಳಿದ ದಾರಿ ಒಂದೇ. ಹನ್ನೊಂದು ಹೆಸರು ಮಲ್ಲೇಶಪ್ಪನ ಕಿವಿಗೆ ಹಾಕಿದರೆ ಅವನು ಭಾನುವಾರವೇ ಅವರನ್ನು ಮಣೆ ಹತ್ತಿಸುತ್ತಿದ್ದ. ಕಡತವನ್ನು ಎದೆಗವಚಿಕೊಂಡು ಅವಳು ನೇರ ಅವನ ಕೋಣೆಗೆ ನಡೆದಳು. ಹೇಳಿಯೇ ಹೇಳುತ್ತಾಳೆಂದು ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ತಡೆಯಬೇಕೆಂದುಕೊಂಡೆ, ತಡೆಯದೆ ಹಿಂದೆಯೇ ಹೋದೆ.

"ಬಾರವಾ, ಲಿಸ್ಟ್ ತಂದಿ?" ಎಂದ ಮಲ್ಲೇಶಪ್ಪ. "ಯಾರನ್ನರ ಇನ್ನೊಮ್ಮೆ ಹತ್ತಸೂದಿದ್ರ ಹೇಳು. ನಾಳೆ ಗೋದಾಮ ಖಾಲಿ ಐತಿ, ನಾನ ಮುಂದ ನಿಂತು ಹತ್ತಸ್ತೇನಿ. ಹೆಂಗ ಹತ್ತಂಗಿಲ್ಲ ನೋಡೂಣು."

ಸುಚಿತ್ರಾ ಕಡತ ಬಿಚ್ಚಲು ಕೈಹಾಕಿದಳು. ಅವಳ ಕತ್ತಿನ ನರ ಹಾರುವುದು ನನಗೆ ಕಾಣುತ್ತಿತ್ತು. ಕೊನೆಗೆ ಕಡತವನ್ನು ಬಿಟ್ಟು, ಚೀಲದ ತಳದಿಂದ ಅವನಿಗೆಂದು ಮೊದಲೇ ಟೈಪು ಮಾಡಿಸಿದ್ದ ಪಟ್ಟಿಯನ್ನು ತೆಗೆದಳು. ಮೂವತ್ತು ಹೆಸರು, ಮೂವತ್ತು ಅಂಕಿ, ಎಲ್ಲಿಯೂ ಗೀಟಿಲ್ಲ.

ಮಲ್ಲೇಶಪ್ಪ ಬೆರಳಿಟ್ಟು ಓದಿದ. "ಏನಿದು? ಈ ಮೈಲವ್ವ ನನ್ನಕಿಂತ ಗಟ್ಟಿ ಅದಾಳಲ್ಲ! ಖರೇನ?"

"ಖರೇ ಅದರಿ."

"ಮತ್ತ ಹತ್ತಸೂದು ಯಾರೂ ಇಲ್ಲ?"

"ಯಾರೂ ಇಲ್ರಿ."

"ಹಂಗಾರ ಸಹಿ ಹಾಕು."

ಅವಳ ಕೈಯಲ್ಲಿದ್ದದ್ದು ಪೆನ್ಸಿಲು. ಪೆನ್ನು ಬೇಕೆಂದು ನನ್ನತ್ತ ಕೈಚಾಚಿದಳು. ಕೊಟ್ಟೆ. ಗೀಟು ಎಳೆದ ಕಡತದಲ್ಲಿ ಸೋಮವಾರಕ್ಕೆ ಹತ್ತೊಂಬತ್ತೇ ಇದ್ದವು; ಪಟ್ಟಿಯ ಮೂವತ್ತರ ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.